ಮೂತ್ರಪಿಂಡ ಕಾಯಿಲೆ: ಲಕ್ಷಣ, ತಪಾಸಣೆ

1. ದೀರ್ಘಕಾಲಿಕ: ದೋಷ ಕನಿಷ್ಠ 3 ತಿಂಗಳು ಇರಬೇಕು. ತೀವ್ರ: ರಕ್ತದಲ್ಲಿನ ತ್ಯಾಜ್ಯವಾದ ಕ್ರಿಯಾಟಿನಿನ್ 48 ಗಂಟೆಯೊಳಗೆ 0.3 ಮಿ.ಗ್ರಾಂ/ಡೆ.ಲೀ. ಏರಿಕೆ.

2. ಲಕ್ಷಣ: ನೊರೆಮೂತ್ರ, ಮುಖದ ಊತ, ಬೆರಳೊತ್ತಿದರೆ ಗುಳಿ ಬೀಳುವ ಕಾಲು.

3. ಗೊಂದಲದ ಅಂಶ: ಕ್ರಿಯಾಟಿನಿನ್ ಒಂದೇ ಸಾಲದು. ಅದು ಸ್ನಾಯುವಿನಿಂದ ಹುಟ್ಟುವುದರಿಂದ, ಕೊಪ್ಪದ ಕಬ್ಬಿನ ಗದ್ದೆಯಲ್ಲಿ ದುಡಿದು ಸೊರಗಿದ ವೃದ್ಧೆಯ ವರದಿ ‘ನಾರ್ಮಲ್’ ಎಂದಿದ್ದರೂ ಸೋಸುವಿಕೆ ಕುಸಿದಿರಬಹುದು. ವಯಸ್ಸು, ಲಿಂಗ ಸೇರಿಸಿ ಸೋಸುವಿಕೆಯ ಅಂದಾಜು ದರವಾದ ಇಜಿಎಫ್‌ಆರ್ ಲೆಕ್ಕ ಹಾಕಬೇಕು: 60ಕ್ಕಿಂತ ಕಡಿಮೆಯಿದ್ದರೆ ದೋಷ, 15ಕ್ಕಿಂತ ಕಡಿಮೆಯಿದ್ದರೆ ಕಾಯಿಲೆಯ ಕೊನೆಯ, ಅಂದರೆ 5ನೇ ಹಂತ. ಲಕ್ಷಣವಿಲ್ಲದವರಿಗೆ ಪರೀಕ್ಷೆ ಏಕೆಂಬ ಆಕ್ಷೇಪ ನಿಲ್ಲದು. ಆರಂಭದಲ್ಲಿ ಕಾಯಿಲೆ ಮೌನವಾಗಿರುತ್ತದೆ. ಆದ್ದರಿಂದ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಿಗೆ ವರ್ಷಕ್ಕೊಮ್ಮೆ ರಕ್ತದ ಜೊತೆ ಮೂತ್ರದ ಆಲ್ಬುಮಿನ್ ಪರೀಕ್ಷೆಯೂ ಬೇಕೇ ಬೇಕು; 30 ಮಿ.ಗ್ರಾಂ/ಗ್ರಾಂ ಮುಟ್ಟಿದರೆ ಎಚ್ಚರ.