ರೋಗದಾಖಲೆಯ ಅಚ್ಚುಗಳು: ಸಾಮಾನ್ಯದಿಂದ ವಿಶೇಷಕ್ಕೆ

ರೋಗಿಯೊಬ್ಬನ ರಕ್ತದ ಸಕ್ಕರೆ 126 ಎಂದು ದಾಖಲೆಯಲ್ಲಿ ಬರೆದಿದೆಯೆನ್ನೋಣ. ಈ ಅಂಕಿಯೊಂದರಿಂದಲೇ ವೈದ್ಯನಿಗೆ ಏನೂ ತಿಳಿಯದು. ಮಾನ ಯಾವುದು? ರಕ್ತವನ್ನು ತೆಗೆದುದು ಉಪವಾಸದಲ್ಲೋ, ಊಟದ ತರುವಾಯವೋ? ಡೆಸಿಲೀಟರಿಗೆ 126 ಮಿಲಿಗ್ರಾಂ ಎಂಬುದೇ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಕೇವಲ 7 ಆಗುತ್ತದೆ. ಮನುಷ್ಯನಾದರೆ ಕೇಳಿ ತಿಳಿದಾನು, ಗಣಕಯಂತ್ರವು ಕೇಳದು. ಆದುದರಿಂದ ಯಾವ ಸಂಗತಿಯನ್ನು ಯಾವ ಆಕಾರದಲ್ಲಿ ಬರೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಬೇಕಾಗುತ್ತದೆ.

‘ಓಪನ್ ಇ.ಎಚ್.ಆರ್.’ ಎಂಬ ಪದ್ಧತಿಯಲ್ಲಿ ಇಂತಹ ಆಕಾರಕ್ಕೆ ‘ಆರ್ಕಿಟೈಪ್’ ಎಂದು ಹೆಸರು. ನಾವಿಲ್ಲಿ ಅದನ್ನು ಅಚ್ಚು ಎಂದು ಕರೆಯೋಣ. 2008ರಲ್ಲಿ ಪ್ರಕಟವಾದ ಐ.ಎಸ್.ಓ. 13606 ಮಾನಕದ ಎರಡನೆಯ ಭಾಗವೂ ಈ ಬಗೆಯ ಅಚ್ಚುಗಳನ್ನೇ ಕುರಿತದ್ದು.

‘ಪ್ರಯೋಗಾಲಯದ ಪರೀಕ್ಷೆ’ ಎಂಬುದು ಒಂದು ಸಾಮಾನ್ಯ ಅಚ್ಚು. ಪರೀಕ್ಷೆಯ ಹೆಸರು, ಮಾದರಿದ್ರವ್ಯ, ಫಲಿತಾಂಶ ಮುಂತಾದವಕ್ಕೆ ಅದರಲ್ಲಿ ಸ್ಥಾನಗಳುಂಟು. ಅದರಿಂದ ‘ರಕ್ತದ ಸಕ್ಕರೆ’ ಎಂಬ ವಿಶೇಷ ಅಚ್ಚನ್ನು ಪಡೆಯಬಹುದು. ತಾಯಿ ಅಚ್ಚು ಒಂದೇ ಇರಬೇಕು. ಮಕ್ಕಳು ಎಷ್ಟಾದರೂ ಇರಬಹುದು.

ಇಲ್ಲಿಯ ಮುಖ್ಯ ನಿಯಮ ಇದು: ಮಗುವಿನ ಅಚ್ಚಿಗೆ ಒಪ್ಪುವ ದಾಖಲೆಯೆಲ್ಲವೂ ತಾಯಿಯ ಅಚ್ಚಿಗೂ ಒಪ್ಪಲೇಬೇಕು. ತರ್ಕಶಾಸ್ತ್ರದ ವ್ಯಾಪ್ಯ-ವ್ಯಾಪಕ ಸಂಬಂಧವನ್ನು ಬಲ್ಲವರಿಗೆ ಇದು ಹೊಸದಲ್ಲ. ತಾಯಿಯು ಎರಡು ಮಾನಗಳನ್ನು ಒಪ್ಪಿದ್ದರೆ ಮಗುವು ಒಂದನ್ನೇ ಉಳಿಸಿಕೊಳ್ಳಬಹುದು, ಮೂರನೆಯದನ್ನು ತರುವಂತಿಲ್ಲ. ತಾಯಿಯಲ್ಲಿ ಐಚ್ಛಿಕವಾದುದನ್ನು ಮಗುವು ಕಡ್ಡಾಯ ಮಾಡಬಹುದು, ಇಲ್ಲವೆ ತೆಗೆದುಹಾಕಬಹುದು, ಕಡ್ಡಾಯವಾದುದನ್ನು ಬಿಡುವಂತಿಲ್ಲ.

ಹಾಗಾದರೆ ‘ಉಪವಾಸವಿತ್ತೇ’ ಎಂಬ ಹೊಸ ಸ್ಥಾನವನ್ನು ಸೇರಿಸುವುದು ಹೇಗೆ? ಇದು ಕಿರಿದುಮಾಡುವುದಲ್ಲ, ಹಿರಿದುಮಾಡುವುದಲ್ಲವೆ? ಪ್ರಶ್ನೆ ನ್ಯಾಯವಾದುದೇ. ಆದರೆ ಅಚ್ಚುಗಳೆಲ್ಲಕ್ಕೂ ಅಡಿಯಲ್ಲಿ ಒಂದು ಮೂಲರಚನೆಯಿದೆ. ತಾಯಿಯು ಏನನ್ನೂ ಹೇಳದೆ ತೆರೆದಿಟ್ಟ ಸ್ಥಳದಲ್ಲಿ ಆ ಮೂಲರಚನೆಯು ಅನುಮತಿಸುವುದೆಲ್ಲಕ್ಕೂ ಎಡೆಯುಂಟು. ಆ ಮೌನದ ಎಡೆಯಲ್ಲಿ ಮಗುವು ಮಾತನಾಡಿದರೆ ಸಾಧ್ಯತೆಗಳು ಹೆಚ್ಚುವುದಿಲ್ಲ, ಕಡಿಮೆಯಾಗುತ್ತವೆ. ತಾಯಿಯು ಆ ಸ್ಥಳವನ್ನು ಮುಚ್ಚಿದ್ದರೆ ಮಾತ್ರ ಸೇರಿಸಲಾಗದು.

ಸಂಕೇತಗಳಲ್ಲಿಯೂ ವಂಶ ಕಾಣುತ್ತದೆ. ತಾಯಿಯ ‘ಎಟಿ0004’ ಎಂಬ ಸ್ಥಾನವನ್ನು ಮಗುವು ತಿದ್ದಿಕೊಂಡರೆ ಅದು ‘ಎಟಿ0004.1’ ಆಗುತ್ತದೆ, ಹೊಚ್ಚ ಹೊಸದಾದುದು ‘ಎಟಿ0.1’ ಎಂಬಂತೆ ಆರಂಭವಾಗುತ್ತದೆ. ಇದರ ಫಲ ದೊಡ್ಡದು. ರೋಗಿಯು ಪ್ರಜ್ಞೆತಪ್ಪಿ ಬೇರೊಂದು ಊರಿನ ಆಸ್ಪತ್ರೆಗೆ ಬಂದನೆನ್ನೋಣ. ‘ಈತನ ಪರೀಕ್ಷೆಗಳೆಲ್ಲವನ್ನೂ ತೋರಿಸು’ ಎಂದು ಅಲ್ಲಿಯ ವೈದ್ಯನು ಕೇಳಿದಾಗ, ಸಕ್ಕರೆಯ ಅಚ್ಚನ್ನು ಎಂದೂ ಕಾಣದ ಯಂತ್ರವೂ ತಾಯಿಯ ಸಂಕೇತದ ಜಾಡಿನಲ್ಲಿ ಅದನ್ನು ಹುಡುಕಿಕೊಡಬಲ್ಲದು.

ಕಠಿಣವಾದುದು ಅರ್ಥದ ನಿಯಮ. ‘ರಕ್ತ ತೆಗೆದ ಹೊತ್ತು’ ಎಂಬ ಸ್ಥಾನವನ್ನು ‘ಊಟದ ಹೊತ್ತು’ ಎಂದು ಮಗುವು ಬಳಸಿಕೊಂಡರೆ, ಎರಡೂ ಕಾಲಸೂಚಕಗಳೇ ಆದ್ದರಿಂದ ಯಂತ್ರದ ಪರಿಶೀಲನೆಯಲ್ಲಿ ಏನೂ ತಪ್ಪು ಕಾಣದು. ತಪ್ಪನ್ನು ಹಿಡಿಯಬೇಕಾದವರು ವಿಷಯ ಬಲ್ಲ ವೈದ್ಯರೇ.

ಹಳೆಯ ಬರೆವಣಿಗೆಯ ಕ್ರಮದಲ್ಲಿ ತಾಯಿಯ ಪಾಠವೆಲ್ಲವನ್ನೂ ಮಗುವಿನಲ್ಲಿ ನಕಲು ಮಾಡಬೇಕಾಗಿತ್ತು. ಎರಡನೆಯ ಆವೃತ್ತಿಯಲ್ಲಿ ವ್ಯತ್ಯಾಸಗಳನ್ನಷ್ಟೇ ಬರೆದರೆ ಸಾಕು, ಉಳಿದುದನ್ನು ಯಂತ್ರವೇ ಕೂಡಿಸುತ್ತದೆ. ತಾಯಿಯನ್ನು ತಿದ್ದಿದಾಗ ಮಗುವನ್ನು ಮತ್ತೊಮ್ಮೆ ಪರಿಶೀಲಿಸುವ ಕೆಲಸ ಮಾತ್ರ ಇಂದಿಗೂ ತಪ್ಪಿಲ್ಲ.