ಚಳಿಗಾಲದ ಸೈಕಲ್ ಸವಾರಿ: ಏನು ಹಾಕ್ಕೋಬೇಕು, ಯಾಕೆ?

ಈ ಸಲ ಫಸ್ಟ್ ಇಯರ್‌ನವರು ಸುಮಾರು ಜನ ಭಾನುವಾರದ ರೈಡ್‌ಗೆ ಬರ್ತೀವಿ ಅಂದಿದ್ದಾರೆ. ಬೆಳಗ್ಗೆ ಐದೂವರೆಗೆ ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್ ಹತ್ತಿರ ಸೇರೋದು, ಕನಕಪುರ ರಸ್ತೆ ಹಿಡಿದು ತಲಘಟ್ಟಪುರದ ಕಡೆ ಹೋಗೋದು. ಎಲ್ಲರೂ ಕೇಳೋ ಮೊದಲ ಪ್ರಶ್ನೆ ಒಂದೇ: ಚಳಿಗೆ ಏನು ಹಾಕ್ಕೊಂಡು ಬರಬೇಕು? ಅದಕ್ಕೆ ಉತ್ತರ ಈ ಲೇಖನ. ಸ್ವಲ್ಪ ಫಿಸಿಕ್ಸ್ ಇದೆ, ಆದರೆ ಪರೀಕ್ಷೆ ಇಲ್ಲ, ಹೆದರಬೇಡಿ.

ಬೆಂಗಳೂರಲ್ಲಿ ಎಂಥಾ ಚಳಿ ಅಂತ ಉತ್ತರ ಭಾರತದ ಗೆಳೆಯರು ನಗ್ತಾರೆ. ಅವರು ಹೇಳೋದೂ ಸರಿ. ನಮ್ಮಲ್ಲಿ ಡಿಸೆಂಬರ್, ಜನವರಿಯ ಕನಿಷ್ಠ ತಾಪಮಾನ ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್ ಇರುತ್ತೆ. ಊರಿನ ದಾಖಲೆ ಚಳಿ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆದರೂ ಸೈಕಲ್ ಮೇಲೆ ಹಲ್ಲು ಕಟಕಟ ಅನ್ನುತ್ತೆ. ಯಾಕಂದ್ರೆ ಸೈಕಲ್ ಹೊಡೆಯೋವರಿಗೆ ಚಳಿ ಬರೋದು ಥರ್ಮಾಮೀಟರ್‌ನಿಂದ ಅಲ್ಲ. ಒಂದು ಗಾಳಿಯಿಂದ, ಇನ್ನೊಂದು ನಮ್ಮದೇ ಬೆವರಿನಿಂದ.

ಗಾಳಿ ಮಾಡೋ ಕೆಲಸ

ಸುಮ್ಮನೆ ನಿಂತಾಗ ನಮ್ಮ ಚರ್ಮಕ್ಕೆ ಅಂಟಿಕೊಂಡ ಹಾಗೆ ಒಂದು ತೆಳು ಬೆಚ್ಚನೆ ಗಾಳಿಯ ಪದರ ಇರುತ್ತೆ. ಅದೇ ನಮ್ಮ ಮೊದಲ ಸ್ವೆಟರ್, ದುಡ್ಡು ಕೊಡದೆ ಸಿಕ್ಕಿದ್ದು. ಸೈಕಲ್ ಓಡಿದ ತಕ್ಷಣ ಎದುರುಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತೆ. ಹೊಸ ತಣ್ಣನೆ ಗಾಳಿ ಬಂದು ಶಾಖ ಎಳೆಯುತ್ತೆ. ಇದನ್ನೇ ವಿಂಡ್ ಚಿಲ್ ಅಂತಾರೆ. 1940ರ ದಶಕದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅನ್ನೋ ಇಬ್ಬರು ಅಂಟಾರ್ಕ್ಟಿಕಾದಲ್ಲಿ, ಡಬ್ಬಿಯಲ್ಲಿಟ್ಟ ನೀರು ಗಾಳಿಗೆ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ಅಳೆದು ಇದರ ಲೆಕ್ಕ ಶುರುಮಾಡಿದರು. ಕೆನಡಾ ಮತ್ತು ಅಮೆರಿಕದಲ್ಲಿ ಈಗ ಬಳಸೋ ಸೂತ್ರ 2001ರದ್ದು.

ಆ ಸೂತ್ರ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಅನ್ವಯಿಸುತ್ತೆ. ಹಾಗಾಗಿ ನಂದಿ ಬೆಟ್ಟವನ್ನು ಉದಾಹರಣೆ ತಗೊಳ್ಳೋಣ, ನೀವೆಲ್ಲ ಒಂದಲ್ಲ ಒಂದು ದಿನ ಅಲ್ಲಿಗೆ ಹೋಗೇ ಹೋಗ್ತೀರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿ 1478 ಮೀಟರ್. ಸಾಮಾನ್ಯವಾಗಿ 1000 ಮೀಟರ್ ಮೇಲೆ ಹೋದ್ರೆ ಆರೂವರೆ ಡಿಗ್ರಿಯಷ್ಟು ತಾಪಮಾನ ಇಳಿಯುತ್ತೆ. ಅಂದ್ರೆ ಊರಲ್ಲಿ 14 ಇದ್ದ ಬೆಳಗ್ಗೆ ಬೆಟ್ಟದ ತುದಿಯಲ್ಲಿ ಹತ್ತಿರ ಹತ್ತಿರ 10. ಈಗ 30 ಕಿ.ಮೀ. ವೇಗದಲ್ಲಿ ಕೆಳಗೆ ಇಳಿದ್ರೆ, ಸೂತ್ರದ ಪ್ರಕಾರ ಮುಖಕ್ಕೆ ಆರೂವರೆ ಡಿಗ್ರಿ ಇದ್ದ ಹಾಗೆ ಅನಿಸುತ್ತೆ. 40ರ ವೇಗಕ್ಕೆ ಆರು.

ಇನ್ನೊಂದು ವಿಷಯ. ದಿನದ ಅತಿ ಹೆಚ್ಚು ಚಳಿ ಇರೋದು ಮಧ್ಯರಾತ್ರಿ ಅಲ್ಲ, ಸೂರ್ಯ ಹುಟ್ಟೋ ಹೊತ್ತಿಗೆ. ಐದೂವರೆಗೆ ಹೊರಟವರಿಗೆ ಆರೂವರೆಗೆ ಚಳಿ ಇನ್ನೂ ಜಾಸ್ತಿ ಆಗಬಹುದು. ತಣ್ಣನೆ ಗಾಳಿ ಭಾರ, ತಗ್ಗಿಗೆ ಇಳಿದು ನಿಲ್ಲುತ್ತೆ. ದೊಡ್ಡಕಲ್ಲಸಂದ್ರ ಕೆರೆಯಂಥ ತಗ್ಗು ಜಾಗದ ಪಕ್ಕ ಹೋಗುವಾಗ ಇದ್ದಕ್ಕಿದ್ದಂತೆ ಚುಮುಚುಮು ಚಳಿ ಹೊಡೆದ್ರೆ ಆಶ್ಚರ್ಯ ಪಡಬೇಡಿ.

ಬೆವರು ಮಾಡೋ ಮೋಸ

ಸುಮ್ಮನೆ ಕೂತಾಗ ನಮ್ಮ ದೇಹ ಸುಮಾರು 100 ವ್ಯಾಟ್ ಶಾಖ ಹೊರಗೆ ಬಿಡುತ್ತೆ. ಸೈಕಲ್ ತುಳಿಯುವಾಗ ನಾವು ತಿಂದ ಶಕ್ತಿಯಲ್ಲಿ ಪೆಡಲ್‌ಗೆ ಹೋಗೋದು 20ರಿಂದ 25 ಪರ್ಸೆಂಟ್ ಮಾತ್ರ. ಉಳಿದದ್ದೆಲ್ಲ ಶಾಖ. ಪೆಡಲ್‌ಗೆ 100 ವ್ಯಾಟ್ ಕೊಟ್ರೆ ಮೈ 300ರಿಂದ 400 ವ್ಯಾಟ್ ಬಿಸಿ ಹುಟ್ಟಿಸುತ್ತೆ. ಅಂದ್ರೆ ಮನೆ ಬಾಗಿಲಲ್ಲಿ ಬೆಚ್ಚಗೆ ಅನಿಸಿದ ಬಟ್ಟೆ ಹತ್ತು ನಿಮಿಷದಲ್ಲಿ ಹಂಡೆ ಒಲೆ ಆಗುತ್ತೆ. ಬೆವರು ಸುರಿಯುತ್ತೆ.

ತುಳೀತಾ ಇರೋವರೆಗೂ ಗೊತ್ತಾಗಲ್ಲ. ನಿಂತಾಗ ಗೊತ್ತಾಗುತ್ತೆ. ಒಂದು ಲೆಕ್ಕ ಮಾಡೋಣ. ಹತ್ತಿ ಟೀ ಶರ್ಟ್ 100 ಗ್ರಾಂ ಬೆವರು ಕುಡಿದಿದೆ ಅಂದ್ಕೊಳ್ಳಿ, ಅಂದ್ರೆ ಅರ್ಧ ಲೋಟ. ಒಂದು ಗ್ರಾಂ ಬೆವರು ಆವಿಯಾಗೋಕೆ ಸುಮಾರು 2.4 ಕಿಲೋಜೂಲ್ ಬೇಕು. 100 ಗ್ರಾಂಗೆ 240 ಕಿಲೋಜೂಲ್. ಕೂತಿರೋ ದೇಹದ 100 ವ್ಯಾಟ್‌ನಲ್ಲಿ ಇದು 2400 ಸೆಕೆಂಡ್, ಅಂದ್ರೆ 40 ನಿಮಿಷದ ಪೂರ್ತಿ ಶಾಖ! ಅಷ್ಟೂ ಮೈಯಿಂದಲೇ ಹೋಗಲ್ಲ, ಸ್ವಲ್ಪ ಸುತ್ತಲಿನ ಗಾಳಿಯಿಂದಲೂ ಬರುತ್ತೆ. ಆದರೂ ಇಡ್ಲಿ ತಿನ್ನೋಕೆ ನಿಂತಾಗ ಯಾಕೆ ನಡುಗ್ತೀವಿ ಅನ್ನೋದಕ್ಕೆ ಇದೇ ಉತ್ತರ. ಕಾಫಿ ಸಾಲದು, ಒಣ ಬಟ್ಟೆ ಬೇಕು.

ಬಟ್ಟೆಯ ಆಯ್ಕೆ ಇಲ್ಲಿ ಮುಖ್ಯ. ಮಾಮೂಲಿ ತೇವದ ಗಾಳಿಯಲ್ಲಿ ಇಟ್ರೆ ಹತ್ತಿ ತನ್ನ ತೂಕದ ಸುಮಾರು 8 ಪರ್ಸೆಂಟ್ ನೀರು ಹೀರಿಕೊಂಡಿರುತ್ತೆ, ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಅದಕ್ಕೇ ಕಾಲೇಜ್ ಫೆಸ್ಟ್‌ನಲ್ಲಿ ಕೊಡೋ ತೆಳು ಜರ್ಸಿ, ಒಳ್ಳೆ ಹತ್ತಿ ಟೀ ಶರ್ಟ್‌ಗಿಂತ ಇಲ್ಲಿ ಉಪಯೋಗ. ಉಣ್ಣೆ ಹತ್ತಿಗಿಂತ ಜಾಸ್ತಿ ನೀರು ಹೀರುತ್ತೆ, ಆದರೆ ನೀರನ್ನು ನೂಲಿನ ಒಳಗೆ ಇಟ್ಟುಕೊಂಡು ಬೆಚ್ಚಗೇ ಇರುತ್ತೆ. ನಮ್ಮ ರೈತರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆ ಕೆಲಸ ಮಾಡ್ತಿದ್ದದ್ದು ಸುಮ್ಮನೆ ಅಲ್ಲ.

ಮೂರು ಪದರ

ಒಂದು ದಪ್ಪ ಜರ್ಕಿನ್‌ಗಿಂತ ಮೂರು ತೆಳು ಬಟ್ಟೆ ಮೇಲು. ಮಧ್ಯದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ, ಬೇಕಾದಾಗ ಒಂದೊಂದಾಗಿ ಬಿಚ್ಚಬಹುದು.

1. ಮೈಗೆ ತಾಗೋದು: ಪಾಲಿಯೆಸ್ಟರ್ ಜರ್ಸಿ. ಬೆವರು ನಿಲ್ಲಬಾರದು.
2. ಮಧ್ಯದ್ದು: ತುಂಬು ತೋಳಿನ ತೆಳು ಸ್ವೆಟರ್. ಊರೊಳಗಿನ ರೈಡ್‌ಗೆ ಬಹಳ ದಿನ ಇದು ಬೇಕಾಗೋದೇ ಇಲ್ಲ.
3. ಮೇಲಿನದು: ಮಡಚಿ ಜೇಬಲ್ಲಿ ಇಡಬಹುದಾದ ವಿಂಡ್‌ಚೀಟರ್. ಮುಂದೆ ಜಿಪ್ ಇರಲಿ. ರೇನ್‌ಕೋಟ್ ಬೇಡ, ಅದರೊಳಗೆ ಬೆವರು ಹೊರಗೆ ಹೋಗದೆ ಒಳಗೇ ಮಳೆ ಬರುತ್ತೆ.

ವಿಂಡ್‌ಚೀಟರ್ ಇಲ್ಲದಿದ್ರೆ? ನ್ಯೂಸ್ ಪೇಪರ್! ತಮಾಷೆ ಅಲ್ಲ. ಟೂರ್ ಡಿ ಫ್ರಾನ್ಸ್ ಸವಾರರು ಬೆಟ್ಟದ ತುದಿಯಲ್ಲಿ ಪೇಪರ್ ಇಸ್ಕೊಂಡು ಜರ್ಸಿಯೊಳಗೆ ಎದೆಗೆ ಇಟ್ಟುಕೊಂಡು ಇಳೀತಿದ್ರು. ಗಾಳಿ ತಡೆಯುತ್ತೆ, ಬೆವರನ್ನೂ ಸ್ವಲ್ಪ ಹೀರುತ್ತೆ, ಕೆಳಗೆ ಬಂದ ಮೇಲೆ ಓದಬಹುದು.

ಕೈ, ಕಿವಿ, ಕಾಲು

ಚಳಿ ಆದಾಗ ದೇಹ ಹೃದಯ, ಶ್ವಾಸಕೋಶವನ್ನು ಬೆಚ್ಚಗಿಡೋಕೆ ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತೆ. ಬೆರಳು ಮೊದಲು ಮರಗಟ್ಟುತ್ತೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನು ಇಟ್ಟುಕೊಳ್ಳಿ: ಬ್ರೇಕ್ ಹಿಡಿಯೋದು ಬೆರಳು. 40ರ ವೇಗದಲ್ಲಿ ಸೈಕಲ್ ಸೆಕೆಂಡಿಗೆ 11 ಮೀಟರ್ ಹೋಗುತ್ತೆ. ಬೆರಳು ಅರ್ಧ ಸೆಕೆಂಡ್ ತಡ ಮಾಡಿದ್ರೆ ಐದೂವರೆ ಮೀಟರ್ ಮುಂದೆ ಹೋಗಿರ್ತೀರ. ತಿರುವಿನಲ್ಲಿ ಅಷ್ಟು ಜಾಗ ಇರಲ್ಲ. ಹಾಗಾಗಿ ಮೊದಲು ದುಡ್ಡು ಹಾಕೋದು ಜಾಕೆಟ್‌ಗಲ್ಲ, ಬೆರಳು ಪೂರ್ತಿ ಮುಚ್ಚೋ ಗ್ಲೌಸ್‌ಗೆ. ಅದೂ ಬ್ರೇಕ್ ಲಿವರ್ ಕೈಗೆ ಸರಿಯಾಗಿ ಗೊತ್ತಾಗೋವಷ್ಟು ತೆಳು ಇರಲಿ.

ತಲೆಗೆ ಮಂಕಿ ಕ್ಯಾಪ್ ಹಾಕಿ ಮೇಲೆ ಹೆಲ್ಮೆಟ್ ಇಡಬೇಡಿ. ದಪ್ಪ ಉಣ್ಣೆಯಿಂದ ಹೆಲ್ಮೆಟ್ ಸರಿಯಾಗಿ ಕೂರಲ್ಲ, ಬಿದ್ರೆ ಜಾರುತ್ತೆ. ಕಿವಿ ಮುಚ್ಚೋಕೆ ತೆಳು ಬಟ್ಟೆ ಸಾಕು. ಮಫ್ಲರ್, ಶಾಲು, ದುಪಟ್ಟಾ ಜೋತಾಡೋ ಹಾಗೆ ಖಂಡಿತ ಬೇಡ, ಚಕ್ರಕ್ಕೆ ಸಿಕ್ಕಿದ್ರೆ ಪ್ರಾಣಕ್ಕೇ ಸಂಚಕಾರ. ಪ್ಯಾಂಟಿನ ಬಲಗಾಲನ್ನು ಸಾಕ್ಸ್ ಒಳಗೆ ಸೇರಿಸಿ, ಚೈನ್ ಇರೋದು ಆ ಕಡೆ. ಬಿಗಿ ಶೂಗೆ ಎರಡು ಜೊತೆ ಸಾಕ್ಸ್ ಹಾಕಿದ್ರೆ ರಕ್ತ ಓಡಾಡೋದು ಕಡಿಮೆಯಾಗಿ ಕಾಲು ಇನ್ನೂ ತಣ್ಣಗಾಗುತ್ತೆ. ಒಂದೇ ಜೊತೆ ಹಾಕಿ.

ಕತ್ತಲಲ್ಲಿ ಕಪ್ಪು ಜರ್ಕಿನ್ ಹಾಕಿದ್ರೆ ಕನಕಪುರ ರಸ್ತೆಯ ಲಾರಿ ಡ್ರೈವರ್‌ಗೆ ನೀವು ಕಾಣಲ್ಲ. ತಿಳಿ ಬಣ್ಣ ಹಾಕಿ, ಹಿಂದೆ ಕೆಂಪು ಲೈಟ್ ಉರೀತಿರಲಿ, ಜಾಕೆಟ್ ಅದನ್ನು ಮುಚ್ಚದೇ ಇರಲಿ.

ಯಾವಾಗ ಹಾಕೋದು, ಯಾವಾಗ ಬಿಚ್ಚೋದು

ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಗೇಟ್ ಹತ್ತಿರವೇ ಬೆಚ್ಚಗಿದ್ರೆ ಒಂದು ಬಟ್ಟೆ ಜಾಸ್ತಿ ಆಯ್ತು ಅಂತ ಅರ್ಥ. ಏರು ಶುರುವಾಗೋ ಮುಂಚೆ ಜಿಪ್ ಇಳಿಸಿ, ಬೆವರು ಬಂದ ಮೇಲೆ ಅಲ್ಲ. ನಿಂತ ತಕ್ಷಣ ವಿಂಡ್‌ಚೀಟರ್ ಹಾಕ್ಕೊಳ್ಳಿ, ನಡುಕ ಬಂದ ಮೇಲೆ ಅಲ್ಲ. ಇಳಿಜಾರಿಗೆ ಮುಂಚೆ ಒಣ ಟೀ ಶರ್ಟ್ ಬದಲಾಯಿಸಿ, ಗ್ಲೌಸ್ ಹಾಕಿ, ಬೆರಳು ಮಡಚಿ ಬಿಚ್ಚಿ ನೋಡಿ. ಬೆರಳು ಮಾತು ಕೇಳದಿದ್ರೆ ಇಳೀಬೇಡಿ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಐದು ನಿಮಿಷ ಕಾಯಿರಿ. ಗುಂಪಿನವರು ಕಾಯ್ತಾರೆ, ಕಾಯಬೇಕು.

ಭಾನುವಾರಕ್ಕೆ ಬ್ಯಾಗಲ್ಲಿ ಇರಬೇಕಾದ್ದು ಇಷ್ಟೇ: ಒಂದು ಒಣ ಟೀ ಶರ್ಟ್, ಒಂದು ವಿಂಡ್‌ಚೀಟರ್, ಒಂದು ಜೊತೆ ಗ್ಲೌಸ್, ಒಂದು ಹಳೇ ಪೇಪರ್. ಮುಂಚಿನ ದಿನ ಬೆಳಗ್ಗೆ ಇದನ್ನೇ ಹಾಕಿಕೊಂಡು ಮನೆ ಸುತ್ತ ಹತ್ತು ನಿಮಿಷ ತುಳಿದು ನೋಡಿ. ಬೆನ್ನು ಒದ್ದೆ ಆಗಿದ್ರೆ ಒಂದು ಪದರ ತೆಗೀರಿ, ಬೆರಳು ಮರಗಟ್ಟಿದ್ರೆ ಗ್ಲೌಸ್ ಬದಲಾಯಿಸಿ.