ಮಗನ ಇಂಗ್ಲಿಷ್ ಹಾಳಾಗಿಲ್ಲ

ಪ್ರಶ್ನೆ: ನಾನು ಹಾಸನದವಳು, ಲಿವರ್‌ಪೂಲ್‌ನಲ್ಲಿ ನರ್ಸ್. ಹತ್ತು ವರ್ಷದ ಮಗ ಶಾಲೆಯಿಂದ ಬಂದು ‘ಮೀ ಅಂಡ್ ಜ್ಯಾಕ್ ವೆಂಟ್ ಟು ದ ಪಾರ್ಕ್’ ಎನ್ನುತ್ತಾನೆ. ‘ಮೈ ಮಮ್’ ಎನ್ನುವ ಕಡೆ ‘ಮಿ ಮಮ್’, ಗೆಳೆಯರ ಗುಂಪಿಗೆ ‘ಯೂಝ್’. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಬಾಯಿಪಾಠ ಮಾಡಿ ಬೆಳೆದ ನನಗೆ ಕೇಳಲಾಗುವುದಿಲ್ಲ, ಪ್ರತಿ ಸಲ ತಿದ್ದುತ್ತೇನೆ. ಈಚೆಗೆ ಗೆಳೆಯರ ಫೋನು ಬಂದರೆ ನನ್ನೆದುರು ಮಾತಾಡದೆ ಎದ್ದು ಕೋಣೆಗೆ ಹೋಗುತ್ತಾನೆ. ಇವನ ಇಂಗ್ಲಿಷ್ ಹಾಳಾಯಿತೇ? ನಾನೂ ಇಲ್ಲಿಯವರ ಹಾಗೇ ಮಾತಾಡಬೇಕೇ?

ಉತ್ತರ: ಎದ್ದು ಕೋಣೆಗೆ ಹೋಗುತ್ತಾನೆ ಎಂದು ಬರೆದಿದ್ದೀರಲ್ಲ, ನನಗೆ ಚಿಂತೆಯಾದದ್ದು ಅದನ್ನು ಓದಿ. ಇಂಗ್ಲಿಷಿನ ಬಗ್ಗೆ ಹೆದರಬೇಡಿ.

‘ಯೂಝ್’ ಎಲ್ಲಿಂದ ಬಂತು ನೋಡಿ. ನಮ್ಮ ನೀನು, ನೀವು ಇದ್ದಂತೆ ಇಂಗ್ಲಿಷಿನಲ್ಲೂ ಒಬ್ಬರಿಗೆ ‘ದೌ’, ಹಲವರಿಗೆ ‘ಯೀ’ ಮತ್ತು ಅದರ ಇನ್ನೊಂದು ರೂಪ ‘ಯೂ’ ಇದ್ದವು. ನಾವು ಹಿರಿಯರೊಬ್ಬರನ್ನೇ ನೀವು ಎನ್ನುವ ಹಾಗೆ ಅವರೂ ದೊಡ್ಡವರಿಗೆ ಬಹುವಚನ ಬಳಸತೊಡಗಿದರು. ಆ ಮರ್ಯಾದೆ ಬರಬರುತ್ತಾ ಎಲ್ಲರಿಗೂ ಸಂದಿತು. 17ನೇ ಶತಮಾನ ಮುಗಿಯುವ ಹೊತ್ತಿಗೆ, ಕ್ವೇಕರ್ ಪಂಥದವರನ್ನೂ ಕೆಲವು ಪ್ರಾಂತ್ಯದ ಆಡುಮಾತುಗಳನ್ನೂ ಬಿಟ್ಟರೆ, ‘ದೌ’ ದಿನಬಳಕೆಯಿಂದ ಹೋಗಿತ್ತು. ಉಳಿದ ‘ಯೂ’ ಒಬ್ಬರಿಗೋ ಹತ್ತು ಜನರಿಗೋ ತಿಳಿಯುವುದಿಲ್ಲ. ಐರಿಷ್ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಪದಗಳಿವೆ. ಆ ಜನ ಇಂಗ್ಲಿಷಿಗೆ ಬಂದಾಗ ಈ ಕೊರತೆ ಕಾಡಿತು, ‘ಯೂ’ಗೆ ಬಹುವಚನದ ಬಾಲ ಸೇರಿಸಿಕೊಂಡರು. 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮದಲ್ಲಿ ಲಕ್ಷಾಂತರ ಐರಿಷ್ ಜನ ಲಿವರ್‌ಪೂಲ್ ಬಂದರಿನಲ್ಲಿ ಇಳಿದರು. ಅಲ್ಲೇ ನೆಲೆ ನಿಂತವರ ಮಾತಿನ ಗುರುತು ನಿಮ್ಮ ಊರಿನ ಇಂಗ್ಲಿಷಿನಲ್ಲಿ ಇಂದಿಗೂ ಇದೆ. ಅಮೆರಿಕದ ದಕ್ಷಿಣದವರ ‘ಯಾಲ್’, ಪಿಟ್ಸ್‌ಬರ್ಗ್‌ನವರ ‘ಯಿನ್ಜ್’ ಕೂಡ ಇದೇ ಕೊರತೆ ತುಂಬುವ ಪದಗಳು.

‘ಮಿ ಮಮ್’ನಲ್ಲಿರುವುದು ‘ಮೈ’ ಪದವೇ. 14ನೇ ಶತಮಾನದ ಕವಿ ಚಾಸರನ ಕಾಲದಲ್ಲಿ ಅದರ ಉಚ್ಚಾರಣೆ ‘ಮೀ’ಗೆ ಹತ್ತಿರವಿತ್ತು. ಆಮೇಲೆ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದರೂ, ಒತ್ತಿಲ್ಲದೆ ನುಡಿಯುವಾಗ ಹಳೆಯ ದನಿ ಉಳಿದುಕೊಂಡಿತು.

ಇನ್ನು ‘ಮೀ ಅಂಡ್ ಜ್ಯಾಕ್’. ನಿಮ್ಮ ಮಗ ‘ಮೀ ವೆಂಟ್’ ಎನ್ನುತ್ತಾನೆಯೇ? ಇಲ್ಲ. ಜೊತೆಗೆ ಇನ್ನೊಬ್ಬರಿದ್ದಾಗ ಮಾತ್ರ ‘ಮೀ’. ಆಡುಮಾತಿನ ಕಟ್ಟುನಿಟ್ಟಾದ ಕ್ರಮ ಇದು, ಅವನು ಅದನ್ನು ಚೆನ್ನಾಗಿಯೇ ಕಲಿತಿದ್ದಾನೆ. ನಾವು ಶುದ್ಧವೆಂದು ನಂಬಿದ ‘ಯೂ’ ಕೂಡ ಮೊದಲು ನಿಮ್ಮನ್ನು, ನಿಮಗೆ ಎಂಬ ಅರ್ಥದಲ್ಲಷ್ಟೇ ಇತ್ತು. ಕರ್ತೃವಿನ ಜಾಗದಲ್ಲಿ ‘ಯೀ’ ಇತ್ತು. 16ನೇ ಶತಮಾನದ ಜನ ‘ಯೂ’ವನ್ನು ಆ ಜಾಗಕ್ಕೂ ತಂದರು. ಇಂದು ಅದನ್ನು ಯಾರು ತಿದ್ದುತ್ತಾರೆ?

ಪ್ರತಿ ಸಲ ‘ಜ್ಯಾಕ್ ಅಂಡ್ ಐ’ ಎಂದು ತಿದ್ದಿಸುವುದರಲ್ಲಿ ಒಂದು ಅಪಾಯವಿದೆ. ಕಾರಣ ತಿಳಿಯದ ಮಗು ‘ಮೀ’ ಎಂದರೇ ತಪ್ಪೆಂದುಕೊಂಡು, ‘ಮೀ’ ಬೇಕಾದಲ್ಲೂ ‘ಐ’ ಹಾಕಿ ‘ಬಿಟ್ವೀನ್ ಯೂ ಅಂಡ್ ಐ’ ಎನ್ನತೊಡಗುತ್ತದೆ. ಈ ಬಳಕೆ ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ನಲ್ಲೂ ಇದೆ, ನಿಜ. ಆದರೆ ಇವತ್ತಿನ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಹೋಗುತ್ತದೆ.

ಬರವಣಿಗೆಗೆ ಶಿಷ್ಟ ಇಂಗ್ಲಿಷ್ ಬೇಕೇ ಬೇಕು, ಅದರಲ್ಲಿ ರಾಜಿ ಬೇಡ. ಹೋಂವರ್ಕ್ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಒಂದು ಉಪಾಯ ಹೇಳಿಕೊಡಿ: ವಾಕ್ಯದಿಂದ ಜ್ಯಾಕ್‌ನನ್ನು ತೆಗೆದು ಓದಿ ನೋಡಲಿ, ಒಬ್ಬನೇ ಇದ್ದಾಗ ಯಾವುದು ಹೊಂದುತ್ತದೋ ಅದನ್ನೇ ಬರೆಯಲಿ. ಊಟಕ್ಕೆ ಕೂತಾಗ, ಗೆಳೆಯರು ಬಂದಾಗ ತಿದ್ದುವುದನ್ನು ಇವತ್ತೇ ನಿಲ್ಲಿಸಿ. ಅದು ಅವನ ಗೆಳೆಯರ ಮಾತು. ಅದನ್ನು ಹೀಗಳೆದರೆ ಅವರನ್ನೇ ಹೀಗಳೆದಂತೆ ಅವನಿಗೆ ಕೇಳಿಸುತ್ತದೆ. ‘ನಿನ್ನ ಮಾತು ತಪ್ಪು ಅಂದಿದ್ದು ಸರಿಯಲ್ಲ ಕಣೋ’ ಎಂದು ನೀವೇ ಬಾಯಿಬಿಟ್ಟು ಹೇಳಿ.

ನೀವು ನಿಮ್ಮ ಮಾತು ಬದಲಿಸಬೇಕಾಗಿಲ್ಲ. ಆದರೆ ವಾರ್ಡಿನಲ್ಲಿ ರೋಗಿಯೊಬ್ಬರು ‘ಗಿವ್ ಅಸ್ ಎ ಹ್ಯಾಂಡ್’ ಎಂದರೆ ಅಲ್ಲಿ ‘ಅಸ್’ ಎಂದರೆ ಅವರೊಬ್ಬರೇ, ಇನ್ಯಾರನ್ನೋ ಹುಡುಕಬೇಡಿ.